ಬೆಂಕಿಯ ಬೆರಳು

ಮಾರ್ಚ್ 3, ಸೋಮವಾರ

ಆರೋಗ್ಯ ಕೇಂದ್ರದ ನರ್ಸು ಒಂದು ಹಾಳೆ ಕೊಟ್ಟು ಹೋದಳು. ನನ್ನ ಮಗ ರುಬಿಯೆಲ್ ದಿನಕ್ಕೆ ಎಷ್ಟು ಕಪ್ಪು ಕುಡಿಯುತ್ತಾನೆ ಎಂದು ಅದರಲ್ಲಿ ಬರೆಯಬೇಕಂತೆ. ಒಂದೇ ಹಾಳೆ ಈ ಮನೆಯಲ್ಲಿ ಎರಡು ದಿನ ಬಾಳುವುದಿಲ್ಲ. ಅದಕ್ಕೇ ಮೂಲೆಯ ಅಂಗಡಿಯಿಂದ ಈ ನೋಟ್‌ಬುಕ್ ತಂದೆ. ಮೊದಲು ಇಲ್ಲಿ ಬರೆದು ಆಮೇಲೆ ಅಲ್ಲಿಗೆ ನಕಲು ಮಾಡಿದರಾಯಿತು.

ಪೆನ್ನು ಹಿಡಿದು ಕೂತ ಮೇಲೆ ಬರೀ ಒಂದು ಅಂಕಿ ಬರೆದು ಏಳುವುದು ಸರಿ ಅನ್ನಿಸಲಿಲ್ಲ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಮೂರನೇ ತರಗತಿವರೆಗೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಇರಲಿ, ಇದನ್ನು ಓದುವವರು ಯಾರಿದ್ದಾರೆ.

ಇವತ್ತು ನಾಲ್ಕು ಕಪ್ಪು. ಬೆಳಿಗ್ಗೆ ಎರಡು ಬಿಸಿ ಚಾಕಲೇಟು, ಮಧ್ಯಾಹ್ನ ಬೆಲ್ಲದ ನೀರು, ಸಂಜೆ ಮತ್ತೊಂದು ಚಾಕಲೇಟು. ಎಲ್ಲ ನಾನೇ ಕುಡಿಸಿದ್ದು. ಅವನಿಗೆ ಐವತ್ತೊಂದು ವರ್ಷ. ಹೋದ ವರ್ಷದ ತನಕ ಹಾಲಿನ ಲಾರಿ ಓಡಿಸುತ್ತಿದ್ದ, ತುಂಬಿದ ಕ್ಯಾನನ್ನು ಒಂದೇ ಕೈಲಿ ಎತ್ತಿ ಒಳಗೆ ದಬ್ಬುತ್ತಿದ್ದ. ಸಲಿಕೆಯಂಥ ಕೈ. ಈಗ ಆ ಕೈಗಳು ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿರುತ್ತವೆ. ನರದ ಕಾಯಿಲೆ. ಡಾಕ್ಟರು ಅದಕ್ಕೆ ರೈಲಿನಷ್ಟು ಉದ್ದದ ಹೆಸರು ಹೇಳಿದ. ಔಷಧಿ ಏನು ಎಂದು ಕೇಳಿದರೆ ಮಾತ್ರ ಅವನ ಬಾಯಿ ಕಟ್ಟಿತು.

ಮಾರ್ಚ್ 7, ಶುಕ್ರವಾರ

ಮೆಡೆಯಿನ್ ನಗರದ ಬಸ್ಸಿನಿಂದ ದಮಾರಿಸ್ ಇಳಿದಳು. ರುಬಿಯೆಲ್‌ನ ಮಗಳು, ನನ್ನ ಮೊಮ್ಮಗಳು. ಇವಳ ತಾಯಿ ಇವಳಿಗೆ ಆರು ವರ್ಷವಿದ್ದಾಗಲೇ ಒಬ್ಬ ಪಶುವೈದ್ಯನ ಜೊತೆ ಹೋದಳು. ಅವಳಿಗೆ ತಕ್ಕ ವೈದ್ಯನೇ ಸಿಕ್ಕಿದ. ಇವಳು ವಿಶ್ವವಿದ್ಯಾಲಯದಲ್ಲಿ ಕುರ್ಚಿ, ಇಸ್ತ್ರಿಪೆಟ್ಟಿಗೆ, ಹಲ್ಲುಜ್ಜುವ ಬ್ರಷ್ಷು ಇಂಥವೆಲ್ಲ ಹೇಗಿರಬೇಕು ಎಂದು ಕಲಿಯುತ್ತಿದ್ದಾಳೆ. ಅದಕ್ಕೆ ಐದು ವರ್ಷ ಬೇಕಂತೆ.

ಈ ಸಲ ಬಟ್ಟೆಯ ಚೀಲದ ಜೊತೆ ಒಂದು ಕಸದ ಚೀಲವೂ ಇತ್ತು. ಕಸವೆಂದು ತಿಳಿದು ಬಾಗಿಲ ಹೊರಗಿಟ್ಟೆ.

"ಅಜ್ಜೀ, ಅದು ನನ್ನ ಪ್ರಾಜೆಕ್ಟು!" ಎಂದು ಓಡಿಬಂದಳು.

ಚೀಲದ ತುಂಬ ರಟ್ಟಿನ ಕಪ್ಪುಗಳು. ಒಂಬತ್ತು. ಒಂದಕ್ಕೆ ಆನೆಯ ಕಿವಿ, ಒಂದಕ್ಕೆ ಎರಡೂ ಕಡೆ ಕೊಂಬು, ಇನ್ನೊಂದಕ್ಕೆ ಕುದುರೆ ಜೀನಿನಂಥ ಪಟ್ಟಿ. ಎಲ್ಲಕ್ಕೂ ಕಂದು ಟೇಪು ಸುತ್ತಿದೆ, ಮುರಿದ ಕಾಲಿಗೆ ಕಟ್ಟಿದ ಹಾಗೆ.

"ಇಷ್ಟು ಕೊಳಕು ಮಾಡೋದನ್ನ ಕಲಿಸೋಕೆ ಐದು ವರ್ಷ ಬೇಕಾ?" ಎಂದೆ.

"ಇದು ಕೊಳಕಾಗೇ ಇರ್ಬೇಕಜ್ಜಿ. ಮೊದಲ ಮಾದರಿ ಚೆನ್ನಾಗಿದ್ರೆ ಅದರ ಮೇಲೆ ಮೋಹ ಬಂದ್ಬಿಡುತ್ತೆ. ತಪ್ಪು ಅಂತ ಗೊತ್ತಾದ್ಮೇಲೂ ಎಸೆಯೋಕೆ ಮನಸ್ಸಾಗಲ್ಲ."

"ನಿಮ್ಮಮ್ಮನೂ ನಿಮ್ಮಪ್ಪನ್ನ ಮೊದಲ ಮಾದರಿ ಅಂದ್ಕೊಂಡಿದ್ಲು, ಪಾಪ."

ಕುರ್ಚಿಯಲ್ಲಿದ್ದ ರುಬಿಯೆಲ್ ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ನನಗೆ ತಿಳಿಯಿತು, ಆ ಕಪ್ಪುಗಳು ಅವನಿಗಂತೆ. ಅವನು ತನ್ನ ಕೈಯಾರೆ ಕುಡಿಯುವುದಕ್ಕೆ.

ನಾನು ಕುಡಿಸುತ್ತಿದ್ದೇನಲ್ಲ.

ಮಾರ್ಚ್ 8, ಶನಿವಾರ

ಇಡೀ ಬೆಳಿಗ್ಗೆ ಅಡುಗೆಮನೆಯ ಮೇಜು ಅವರಿಬ್ಬರದೇ. ನಾನು ಅರೆಪಾ, ನಮ್ಮ ಜೋಳದ ರೊಟ್ಟಿ, ತಟ್ಟಲು ಮೂಲೆಗೆ ಹೋಗಬೇಕಾಯಿತು. ಅವಳು ಅವನ ಕೈಯನ್ನು ಒಂದೊಂದೇ ಕಪ್ಪಿಗೆ ತೂರಿಸುತ್ತಾಳೆ, ಬ್ಲೇಡಿನಿಂದ ಕತ್ತರಿಸುತ್ತಾಳೆ, ಟೇಪು ಹಚ್ಚುತ್ತಾಳೆ, ಮತ್ತೆ ತೂರಿಸುತ್ತಾಳೆ. ಭಾರ ನೋಡಲು ನನ್ನ ಡಬ್ಬಿಯ ಕೆಂಪು ಹುರುಳಿಕಾಯಿ ಬೀಜವನ್ನೇ ಕಪ್ಪಿಗೆ ಸುರಿದಳು. ಕೊಂಬಿನ ಕಪ್ಪು ಬಿತ್ತು. ಆನೆ ಕಿವಿಯದೂ ಬಿತ್ತು. ಬೀಜವೆಲ್ಲ ನೆಲದ ಮೇಲೆ.

"ಇವತ್ತು ಮಧ್ಯಾಹ್ನದ ಊಟ ನೆಲದ ಮೇಲಿದೆ. ಬಾಗಿ ತಿನ್ನಿ," ಎಂದೆ.

"ಅಮ್ಮಾ, ಬೀಜ ಬೇಯಿಸೋಕೆ ಮುಂಚೆ ನೀನು ತೊಳೀತೀಯಲ್ಲ, ಬಿಡು," ಎಂದ ರುಬಿಯೆಲ್.

ಬಿದ್ದದ್ದರ ಬಗ್ಗೆ ಇಬ್ಬರಿಗೂ ಬೇಜಾರಿಲ್ಲ. ಬಿದ್ದಾಗಲೆಲ್ಲ ಹುಡುಗಿ ಏನೋ ಬರೆದುಕೊಳ್ಳುತ್ತಾಳೆ. ಕೊನೆಗೆ ಉಳಿದದ್ದು ಜೀನಿನಂಥದ್ದು. ಅದನ್ನು ಹಿಡಿಯಲೇಬೇಕಾಗಿಲ್ಲ. ಹೆಬ್ಬೆರಳು ಹೊರಗೆ ಬಿಟ್ಟು ನಾಲ್ಕು ಬೆರಳನ್ನು ಅಂಗೈ ತನಕ ಆ ದೊಡ್ಡ ಕಿವಿಯೊಳಗೆ ತೂರಿಸಿದರೆ ಕಪ್ಪು ಕೈಗೇ ನೇತು ಬೀಳುತ್ತದೆ. ಹಿಡಿತ ಸತ್ತ ಕೈಗೂ ಆಗುತ್ತದೆ. ಮೊಣಕೈಯನ್ನು ಮೇಜಿಗೆ ಊರಿ ಬಾಯಿಯನ್ನೇ ಕಪ್ಪಿನ ಹತ್ತಿರ ತಂದರಾಯಿತು.

ಕಪ್ಪಿನ ಹಿಡಿಗೆ ನಾವು ಕಿವಿ ಎನ್ನುವುದು. ಈ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನನ್ನ ಕೆಲಸ ಅದೇ, ಕಿವಿ ಅಂಟಿಸುವುದು. ದಿನಕ್ಕೆ ನಾನೂರು. ರುಬಿಯೆಲ್ ಹುಟ್ಟಿದ ನಲವತ್ತನೇ ದಿನಕ್ಕೇ ನಾನು ಕೆಲಸಕ್ಕೆ ವಾಪಸು ಹೋದೆ. ಎದುರುಮನೆಯ ಎವಾಂಹೆಲಿನಾ ಅವನಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅವನು ಮೊದಲು ಅಮ್ಮ ಎಂದು ಕರೆದದ್ದೂ ಅವಳನ್ನೇ. ದೇವರು ಅವಳಿಗೆ ಒಳ್ಳೆಯದು ಮಾಡಲಿ, ಅಂದರೂ ಆ ಹೆಂಗಸನ್ನು ಕಂಡರೆ ನನಗಾಗುತ್ತಿರಲಿಲ್ಲ.

ಇವತ್ತು ನಾಲ್ಕು.

ಮಾರ್ಚ್ 13, ಗುರುವಾರ

ಲಾರಿ ಸ್ನೇಹಿತರಿಬ್ಬರು ಅವನನ್ನು ನೋಡಲು ಬಂದಿದ್ದರು. ಎಲ್ಲರಿಗೂ ಚಾಕಲೇಟು ಮಾಡಿದೆ, ಕಡಗೋಲಿನಿಂದ ಚೆನ್ನಾಗಿ ಕಡೆದು ನೊರೆ ಎಬ್ಬಿಸಿ. ರುಬಿಯೆಲ್‌ಗೆ ಕುಡಿಸಲು ಹೋದರೆ ಬಾಯಿ ಬಿಡಲಿಲ್ಲ.

"ನಂಗೆ ಬೇಡಮ್ಮ. ಹಸಿವಿಲ್ಲ."

"ಇದು ಹಸಿವಿಗಲ್ಲ, ಬಾಯಾರಿಕೆಗೆ. ಗದ್ದ ಎತ್ತು."

ಎತ್ತಿದ. ಗಲ್ಲದ ಮೇಲೆ ಸುರಿದದ್ದನ್ನು ಏಪ್ರನ್ನಿನ ತುದಿಯಲ್ಲಿ ಒರೆಸಿದೆ. ಸ್ನೇಹಿತರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. ಅದರಲ್ಲಿ ಏನಿತ್ತೋ, ಹೋದ ವರ್ಷದ ಕ್ಯಾಲೆಂಡರು. ಅವರು ಹೋದ ಮೇಲೆ ಅವನು ಏನೂ ಕುಡಿಯಲಿಲ್ಲ. ಮೂರು.

ಇತ್ತೀಚೆಗೆ ಅವನಿಗೆ ಬಾಯಾರಿಕೆ ಕಡಿಮೆಯಾಗಿದೆ. ಯಾಕೋ.

ಮಾರ್ಚ್ 22, ಶನಿವಾರ

ಈ ಸಲ ದಮಾರಿಸ್ ಗಟ್ಟಿ ಫೋಮಿನಲ್ಲಿ ಕೆತ್ತಿದ ಕಪ್ಪು ತಂದಿದ್ದಳು. ಹಾಲಿನ ಕೆನೆ ಬಣ್ಣ, ಊದಿದರೆ ಹಾರುವಷ್ಟು ಹಗುರ. ಕೆತ್ತಿದ ಪುಡಿ ಅವಳ ಹುಬ್ಬಿನಲ್ಲೆಲ್ಲ ಇತ್ತು. ಕಿವಿಯ ಒಳಮೈಗೆ ಮೇಣದಂಥ ಮಣ್ಣು ಮೆತ್ತಿ, ಅಪ್ಪನ ಕೈಯನ್ನು ಅದರೊಳಗೆ ಒತ್ತಿಸಿದಳು. ಕೈ ತೆಗೆದಾಗ ಮಣ್ಣಿನಲ್ಲಿ ಅವನ ಅಂಗೈ ಹಾಗೇ ಇತ್ತು. ರೇಖೆಗಳು, ಲಾರಿಯ ಗೇರು ಹಿಡಿದು ಕಟ್ಟಿದ ಜಡ್ಡಿನ ಗುರುತು, ಎಲ್ಲ.

ಹುರುಳಿಕಾಯಿ ಬೀಜ ತುಂಬಿ ಕೊಟ್ಟಳು. ಅವನು ಮೊಣಕೈ ಊರಿದ. ಕಪ್ಪು ಮೇಲೆದ್ದಿತು. ನಡುಗಿತು, ನಿಂತಿತು. ತುಟಿಗೆ ತಾಗಿತು.

"ರುಚಿ ಹೇಗಿದೆಯಪ್ಪಾ?" ಎಂದಳು ದಮಾರಿಸ್.

"ಸ್ವಲ್ಪ ಗಟ್ಟಿಯಾಗಿದೆ," ಎಂದ ಅವನು, ಬೀಜಕ್ಕೆ ತುಟಿಯಿಟ್ಟುಕೊಂಡೇ. "ಅಮ್ಮ ಇವತ್ತು ಬೇಯಿಸಲಿಲ್ಲ ಅಂತ ಕಾಣುತ್ತೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಬೇಕಾದದ್ದಕ್ಕಿಂತ ಜಾಸ್ತಿ ಹೆಚ್ಚಿಬಿಟ್ಟೆ, ಮೂರು ಈರುಳ್ಳಿ ದಂಡವಾಯಿತು.

ಆಮೇಲೆ ಅವನು ನನಗೆ ಹೇಳಿದ, "ಅಮ್ಮಾ, ಪ್ಲಾಸ್ಟಿಕ್ ಬೇಡ. ನಮ್ಮೂರ ಕಪ್ಪೇ ಆಗ್ಬೇಕು. ಕಿವಿ ನೀನು ಅಂಟಿಸು."

ಮೂವತ್ತೊಂದು ವರ್ಷವಾಯಿತು ನಾನು ಕಿವಿ ಅಂಟಿಸದೆ. ಬೆರಳ ಗಂಟೆಲ್ಲ ಊದಿವೆ. ಆಗಲಿ ಎಂದೆ. ಬೇರೆ ಏನು ಹೇಳಲಿ.

ಏಪ್ರಿಲ್ 5, ಶನಿವಾರ

ಪಿಂಗಾಣಿ ಮಾಡುವ ದೋನ್ ಹೆರ್ಸಾಯಿನ್‌ನ ಕಾರ್ಯಾಗಾರಕ್ಕೆ ಹೋಗಿದ್ದೆವು. ಹಳೇ ಕಾರ್ಖಾನೆ ಮುಚ್ಚಿದ ಮೇಲೆ ಈ ಬೀದಿಯಲ್ಲಿ ಉಳಿದ, ಮಣ್ಣು ಸುಡುವ ಆವಿಗೆ ಅವನದೊಂದೇ. ಈಗ ಕಣ್ಣಿಗೆ ಪೊರೆ ಬಂದಿದೆ, ಎದುರು ಬಂದವರನ್ನು ಧ್ವನಿಯಿಂದ ಗುರುತಿಸುತ್ತಾನೆ.

"ದೋನ್ಯಾ ಒಟಿಲಿಯಾ, ನೀವು ಇನ್ನೂ ಇದ್ದೀರಾ? ಊರು ತಣ್ಣಗಿದೆಯಲ್ಲ, ನಿಮ್ಮ ನಾಲಿಗೆಗೂ ಪೊರೆ ಬಂತೇನೋ ಅಂದ್ಕೊಂಡಿದ್ದೆ."

"ನಿಮ್ಮ ತಟ್ಟೆಗಳು ಒಡೆಯೋ ತನಕ ನಾನು ಸಾಯಲ್ಲ. ಅವು ನಾಳೆ ಒಡೆಯುತ್ತವೆ, ಅದು ಬೇರೆ ಮಾತು."

ಕಪ್ಪಿನ ಮೈಯನ್ನು ಅವನು ತನ್ನ ಹಳೇ ಅಚ್ಚಿನಲ್ಲೇ ತೆಗೆದುಕೊಟ್ಟ. ಆ ಅಚ್ಚು ನಲವತ್ತು ವರ್ಷದಿಂದ ಇದೆ, ಅದರ ಲೆಕ್ಕವೆಲ್ಲ ಯಾರೋ ಮೊದಲೇ ಹಾಕಿಟ್ಟದ್ದು. ಹೊಸದು ಕಿವಿ ಮಾತ್ರ. "ಕಿವಿಯ ವಿಷಯಕ್ಕೆ ನಾನು ಬರಲ್ಲ, ನೀವಿದ್ದೀರಲ್ಲ," ಎಂದು ಆವಿಗೆಯ ಕಡೆಗೆ ಹೋದ.

ದಮಾರಿಸ್ ಮೇಣದ ಮಾದರಿಯನ್ನು ಮುಂದಿಟ್ಟುಕೊಂಡು ಮಣ್ಣಿನ ಪಟ್ಟಿಯನ್ನು ಅದರ ಅಳತೆಗೇ ಬಗ್ಗಿಸಿದಳು. ಕಾಗದದ ಪಟ್ಟಿಯಿಂದ ಅಳೆದಳು, ಮತ್ತೆ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳು ಇಷ್ಟು ದಿನ ಕೆಲಸ ಮಾಡಿದ್ದು ರಟ್ಟಿನಲ್ಲಿ, ಫೋಮಿನಲ್ಲಿ. ಅವು ಇಟ್ಟಲ್ಲಿ ಇಟ್ಟ ಹಾಗೆ ಇರುತ್ತವೆ. ಮಣ್ಣು ಹಾಗಲ್ಲ. ಒಣಗುವಾಗ ಒಂದಷ್ಟು ಕುಗ್ಗುತ್ತದೆ, ಸುಡುವಾಗ ಇನ್ನಷ್ಟು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿ ಬೆತ್ಸಾಬೆ ನನ್ನ ಬೆರಳ ಮೇಲೆ ಕೋಲಿನಿಂದ ಹೊಡೆದು ಹೇಳಿದ್ದಳು, "ಒಂದು ಬೆರಳು ಜಾಗ ಜಾಸ್ತಿ ಬಿಡೇ. ಅದು ಬೆಂಕಿಯ ಬೆರಳು." ಕಿವಿಯಲ್ಲಿ ಕುಡಿಯುವವರ ಬೆರಳಿಗೆ ಜಾಗ ಬಿಟ್ಟು, ಬೆಂಕಿಗೂ ಒಂದು ಬೆರಳು ಬಿಡಬೇಕು. ನಾವೆಲ್ಲ ಹಾಗೇ ಹೇಳುತ್ತಿದ್ದದ್ದು.

"ಅಜ್ಜಿ, ಹೀಗೇ ಅಂಟಿಸಿದ್ರೆ ಆಯ್ತಾ? ಏನಾದ್ರೂ ಹೆಚ್ಚು ಕಡಿಮೆ ಮಾಡ್ಬೇಕಾ?" ಎಂದು ದಮಾರಿಸ್ ಕೇಳಿದಳು.

"ಓದಿದವಳು ನೀನು," ಎಂದೆ.

"ಅಪ್ಪನ ಕೈಗೆ ಸರಿಯಾಗಿ ಅಷ್ಟೇ ಇದೆ."

"ಅಷ್ಟೇ ಇದೆ," ಎಂದೆ.

ಮಣ್ಣಿನ ಅಂಟು ಹಚ್ಚಿ ಅಂಟಿಸಿದೆ. ನನ್ನ ಕೈ ಏನನ್ನೂ ಮರೆತಿರಲಿಲ್ಲ. ಅಂಟಿನ ಗೆರೆ ಕಾಣದ ಹಾಗೆ ಒದ್ದೆ ಸ್ಪಂಜಿನಲ್ಲಿ ಸವರಿದೆ. ಚೆಂದ ಕೂತಿತು.

ಕಲಿಯಲಿ. ಅವಳ ಮೇಷ್ಟರು ಇದನ್ನೂ ಹೇಳಿಕೊಡದಿದ್ದರೆ ಐದು ವರ್ಷ ಏನು ಮಾಡುತ್ತಾರೆ.

ನಾಲ್ಕು ಕಪ್ಪು.

ಏಪ್ರಿಲ್ 6, ಭಾನುವಾರ

ಪೂಜೆಗೆ ಹೋಗಿ ಬಂದೆ. ಪಾದ್ರಿ ಏನು ಹೇಳಿದನೋ ಕಿವಿಗೆ ಬೀಳಲಿಲ್ಲ. ಆವಿಗೆ ಹಚ್ಚುವುದು ಗುರುವಾರ. ನಡುವೆ ಇನ್ನೂ ಮೂರು ದಿನವಿದೆ. ಕಿವಿ ಇನ್ನೂ ಹಸಿ, ಬೇಕೆಂದರೆ ಕಿತ್ತು ಬೇರೆ ಹಾಕಬಹುದು.

ಏಪ್ರಿಲ್ 9, ಬುಧವಾರ

ಇವತ್ತು ಒಳ್ಳೆಯ ದಿನ. ಸಂಜೆ ಅವನು ನನ್ನ ಭುಜಕ್ಕೆ ತಲೆಯಾನಿಸಿಕೊಂಡೇ ಕುಡಿದ. ಕುಡಿದು ಹಾಗೇ ನಿದ್ದೆಹೋದ. ಬಾಯಿಂದ ಚಾಕಲೇಟಿನ ವಾಸನೆ. ನನ್ನ ತೋಳು ಮರಗಟ್ಟಿತು, ಅಲುಗಾಡಲಿಲ್ಲ.

ಐದು ಕಪ್ಪು.

ಏಪ್ರಿಲ್ 10, ಗುರುವಾರ

ಆವಿಗೆ ಹಚ್ಚಿದರು. ನಮ್ಮ ಅಂಗಳದಿಂದ ಹೊಗೆ ಕಾಣುತ್ತದೆ.

ಏಪ್ರಿಲ್ 12, ಶನಿವಾರ

ಕಪ್ಪು ಬಂತು. ಬಿಳಿ ಮೈ, ಅಂಚಿಗೆ ನೀಲಿ ಹೂವು. ಹೆರ್ಸಾಯಿನ್‌ನ ಸೊಸೆ ಬಿಡಿಸಿದ್ದು. ದಮಾರಿಸ್ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಪ್ರಾಣವಿರುವ ವಸ್ತುವಿನಂತೆ ತಂದಳು. ನಾನು ಚಾಕಲೇಟು ಕಡೆದೆ. ರುಬಿಯೆಲ್ ಅಂಗಿ ಬದಲಿಸಬೇಕು ಎಂದ, ಬದಲಿಸಿದೆ. ಇಸ್ತ್ರಿ ಮಾಡಿದ ಅಂಗಿಯೇ ಬೇಕಂತೆ.

ಅವನ ಬೆರಳು ಒಳಗೆ ಹೋದವು. ಅಂಗೈಯ ಮಾಂಸದ ಹತ್ತಿರ ನಿಂತುಬಿಟ್ಟವು. ದಮಾರಿಸ್ ಮೆಲ್ಲಗೆ ತಳ್ಳಿದಳು. ಸೋಪು ಹಚ್ಚಿದಳು. ಮತ್ತೆ ತಳ್ಳಿದಳು. ಅವನು ಹಲ್ಲು ಕಚ್ಚಿಕೊಂಡಿದ್ದ. ಕಪ್ಪು ಬೆರಳ ತುದಿಯಲ್ಲಿ ತೂಗಿ ವಾಲಿತು, ಚಾಕಲೇಟು ಇಸ್ತ್ರಿ ಅಂಗಿಯ ಮೇಲೆ.

ಅವಳು ಕಾಗದದ ಪಟ್ಟಿ ತಂದು ಕಿವಿಯನ್ನು ಅಳೆದಳು. ಪಟ್ಟಿಯಲ್ಲಿ ಒಂದು ಬೆರಳು ಉಳಿಯಿತು.

"ಕುಗ್ಗಿದೆ," ಎಂದಳು. "ಮಣ್ಣು ಕುಗ್ಗುತ್ತೆ ಅಂತ ನಂಗೆ ಗೊತ್ತಿತ್ತಪ್ಪಾ. ಮೊದಲ ವರ್ಷದಲ್ಲೇ ಹೇಳಿದ್ರು. ನಿಮ್ಮ ಕೈ ಅಂತ, ಬರೀ ನಿಮ್ಮ ಕೈ ನೋಡ್ತಾ, ಮರೆತೇಹೋಯ್ತು." ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತಳು.

ರುಬಿಯೆಲ್ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದ.

"ಅಮ್ಮಾ," ಎಂದ. ಅಷ್ಟೇ.

ನಾನು ಅಂಗಿ ನೆನೆಹಾಕಲು ಹೋದೆ. ಚಾಕಲೇಟಿನ ಕಲೆ ತಡಮಾಡಿದರೆ ಹೋಗುವುದಿಲ್ಲ.

ಏಪ್ರಿಲ್ 14, ಸೋಮವಾರ

ಎರಡು.

ಏಪ್ರಿಲ್ 15, ಮಂಗಳವಾರ

ಒಂದೂವರೆ. ಬಯ್ದೆ. ಗದ್ದ ಎತ್ತು ಎಂದೆ. ಎತ್ತಿದ, ಬಾಯಿ ತೆರೆದ, ಅರ್ಧ ಹೊರಗೇ ಬಂತು.

ಏಪ್ರಿಲ್ 16, ಬುಧವಾರ

ನರ್ಸು ಬಂದು ಹಾಳೆ ನೋಡಿದಳು. ಅವನ ಕೈಯ ಚರ್ಮವನ್ನು ಚಿವುಟಿ ಬಿಟ್ಟಳು. ಚಿವುಟಿದ ಚರ್ಮ ಹಾಗೇ ನಿಂತಿತು.

"ದೋನ್ಯಾ ಒಟಿಲಿಯಾ, ಹೀಗಾದ್ರೆ ಅವರನ್ನ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕ್ಬೇಕಾಗುತ್ತೆ. ಯಾಕೆ ಕುಡೀತಿಲ್ಲ ಇವರು?"

"ನನಗೇನು ಗೊತ್ತು," ಎಂದೆ.

ಏಪ್ರಿಲ್ 18, ಪವಿತ್ರ ಶುಕ್ರವಾರ

ಊರೆಲ್ಲ ಚರ್ಚಿನಲ್ಲಿ. ಬೀದಿಯಲ್ಲಿ ನಾಯಿಯೂ ಇಲ್ಲ. ನಾನು ಹೋಗಲಿಲ್ಲ. ಅವನ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕೂತು ಅವರೆ ಸುಲಿಯುತ್ತಿದ್ದೆ.

"ನಂಗೆ ಗೊತ್ತಿತ್ತು," ಎಂದೆ.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತು," ಎಂದ. "ಬೆಂಕಿಯ ಬೆರಳು. ಚಿಕ್ಕವನಿದ್ದಾಗ ಊಟದ ತಟ್ಟೆ ಮುಂದೆ ಅದನ್ನೇ ಹೇಳ್ತಿದ್ದೆ. ನನ್ನ ಪಾಲಿನ ಅರೆಪಾ ಮುರಿದು, ಇದು ಬೆಂಕಿಯ ಬೆರಳು ಅಂತ ನೀನೇ ತಿಂದ್ಬಿಡ್ತಿದ್ದೆ."

ನಾನು ಅದನ್ನು ಮರೆತೇಬಿಟ್ಟಿದ್ದೆ.

"ಮತ್ತೆ ಬಯ್ಯೋ," ಎಂದೆ. "ಬಾಯಿ ಇದೆಯಲ್ಲ ಇನ್ನೂ."

ಅವನು ಬಯ್ಯಲಿಲ್ಲ. "ಅಮ್ಮಾ, ನಿನ್ನ ಕೈಯಿಂದ ಕುಡಿಯೋಕೆ ನಂಗೆ ಬೇಜಾರಿಲ್ಲ. ನಿನ್ನ ಕೈಯಿಂದಾನೇ ಕುಡೀಬೇಕು, ಬೇರೆ ದಾರಿ ಇಲ್ಲ ಅಂದ್ರೆ ಗಂಟಲಲ್ಲಿ ಇಳಿಯಲ್ಲ. ಒಂದು ಸಲ ನಾನೇ ಕುಡಿದ್ರೆ ಸಾಕು. ಆಮೇಲೆ ಸಾಯೋ ತನಕ ಗದ್ದ ಎತ್ತು ಅಂದಾಗೆಲ್ಲ ಎತ್ತುತೀನಿ."

ಅವರೆ ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಕಸಕ್ಕೂ ಹಾಕಿದ್ದೆ. ಮತ್ತೆ ಆರಿಸಬೇಕಾಯಿತು.

ಏಪ್ರಿಲ್ 22, ಮಂಗಳವಾರ

ಶೂ ಡಬ್ಬಿಯ ರಟ್ಟು, ಅಂಟಿಗೆ ಮೈದಾ ಗಂಜಿ, ಕಟ್ಟಲು ಹೊಲಿಗೆ ದಾರ. ನನ್ನ ಮೊದಲ ಮಾದರಿ ಯಾವ ಆಕಾರಕ್ಕೂ ಬರಲಿಲ್ಲ. ಎರಡನೆಯದು ಅವನ ಕೈಗೆ ಹೋಯಿತು, ಹೊರಬರಲಿಲ್ಲ, ಕತ್ತರಿಯಿಂದ ಕತ್ತರಿಸಿ ಬಿಡಿಸಿದೆ. ಮೂರನೆಯದಕ್ಕೆ ಬೆಂಕಿಯ ಬೆರಳು ಬಿಟ್ಟು ಮಾಡಿದೆ.

"ಕೊಳಕಾಗಿದೆ," ಎಂದ ರುಬಿಯೆಲ್.

"ಕೊಳಕಾಗೇ ಇರ್ಬೇಕು. ವಿಶ್ವವಿದ್ಯಾಲಯದಲ್ಲಿ ಹೇಳಿಕೊಡ್ತಾರೆ."

ಇವತ್ತು ಮೂರು ಕುಡಿದ. ರಟ್ಟಿಗೆ ಅಳತೆ ಹಿಡಿಯುವಾಗ ಅವನ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಹೆಬ್ಬೆರಳ ಬುಡದಲ್ಲಿ ಮುಂಚೆ ಗುಡ್ಡೆಯಂತೆ ಮಾಂಸವಿತ್ತು. ಈಗ ಅಲ್ಲಿ ಗುಳಿ ಬೀಳುತ್ತಿದೆ. ಮೇಣದ ಮಾದರಿಯಲ್ಲಿ ಗುಡ್ಡೆ ಹಾಗೇ ಇದೆ.

ಮೇಣದ ಅಳತೆಗೇ ಮಾಡುತ್ತೇನೆ. ಮಾಂಸ ಮತ್ತೆ ತುಂಬಿಕೊಂಡೀತು.

ಏಪ್ರಿಲ್ 26, ಶನಿವಾರ

ದಮಾರಿಸ್‌ಗೂ ಹೇಳಿದೆ. ಅವಳು ಅಳಲಿಲ್ಲ.

"ನಾನು ಕೇಳಿದೆ ಅಜ್ಜಿ. ಹೆಚ್ಚು ಕಡಿಮೆ ಮಾಡ್ಬೇಕಾ ಅಂತ ಬಾಯಿಬಿಟ್ಟು ಕೇಳಿದೆ."

"ಹೌದು."

"ಅಳತೆ ಮರೆತದ್ದು ನನ್ನ ತಪ್ಪು. ಆದ್ರೆ ನೀನು ನೋಡ್ತಾ ನಿಂತಿದ್ದೆ."

"ನೋಡ್ತಾ ಅಲ್ಲ. ನಾನೇ ಅಂಟಿಸಿದೆ."

ಕಾರ್ಯಾಗಾರದವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ಇಬ್ಬರೂ ಸೇರಿ ಮಣ್ಣಿನ ಪಟ್ಟಿ ಬಗ್ಗಿಸಿದೆವು. ಎಷ್ಟು ಬಿಡಬೇಕು ಎಂದು ಅವಳು ಲೆಕ್ಕ ಬರೆಯುತ್ತಿದ್ದಳು. ನಾನು ನನ್ನ ಬೆರಳನ್ನು ಪಟ್ಟಿಯ ಪಕ್ಕದಲ್ಲಿಟ್ಟೆ. ಅವಳ ಲೆಕ್ಕಕ್ಕೂ ನನ್ನ ಬೆರಳಿಗೂ ಸರಿಹೋಯಿತು.

"ಬೇಗ ಸುಡಿ," ಎಂದೆ ಹೆರ್ಸಾಯಿನ್‌ಗೆ.

"ಒಂದು ಕಪ್ಪಿಗೋಸ್ಕರ ಆವಿಗೆ ಹಚ್ಚೋದಾ? ತುಂಬಲಿ ದೋನ್ಯಾ. ಎಂಟನೇ ತಾರೀಖು."

"ನಿಮ್ಮ ಆವಿಗೆಯ ಹೊಟ್ಟೆ ತುಂಬೋ ಹೊತ್ತಿಗೆ..." ಎಂದು ಶುರುಮಾಡಿದೆ. ಮುಂದೆ ಏನು ಹೇಳಬೇಕೆಂದಿದ್ದೆನೋ, ಬಾಯಿಗೆ ಬರಲಿಲ್ಲ. ಅವನು ನನ್ನ ಮುಖದ ಕಡೆ ತಿರುಗಿ ಕಾಯುತ್ತ ನಿಂತ.

"ಎಂಟನೇ ತಾರೀಖು," ಎಂದು ಮತ್ತೆ ಹೇಳಿದ, ಮೆತ್ತಗೆ. ಆ ಮನುಷ್ಯ ನನ್ನೊಂದಿಗೆ ಮೆತ್ತಗೆ ಮಾತಾಡಿದ್ದು ಇದೇ ಮೊದಲು. ಪೊರೆ ಬಂದ ಕಣ್ಣಿಗೂ ಏನೋ ಕಂಡಿರಬೇಕು.

ಮೇ 1, ಗುರುವಾರ

ಅವನ ಉಂಗುರ ಸ್ನಾನ ಮಾಡಿಸುವಾಗ ತಾನಾಗಿ ಜಾರಿ ಬಕೆಟ್ಟಿಗೆ ಬಿತ್ತು. ನನ್ನ ಜಪಸರದ ಡಬ್ಬಿಯಲ್ಲಿಟ್ಟಿದ್ದೇನೆ. ಅವನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಕುಗ್ಗಿದ ಆ ಚಿಕ್ಕ ಕಪ್ಪು ಗೋಡೆಗೂಡಿನಲ್ಲಿ ಎದುರಿಗೇ ಇತ್ತು. ದಿನಾ ಕಣ್ಣಿಗೆ ಬೀಳುತ್ತಿತ್ತು. ತೆಗೆದು ಜೋಳದ ಡಬ್ಬಿಯೊಳಗೆ ಹುಗಿದಿಟ್ಟೆ.

ಮೇ 6, ಮಂಗಳವಾರ

ನುಂಗುವುದು ನಿಧಾನವಾಗಿದೆ. ಒಂದು ಕಪ್ಪಿಗೆ ಮುಕ್ಕಾಲು ಗಂಟೆ. ಮೂರು ಕುಡಿಸಿದೆ. ಈಗ ಗದ್ದ ಎತ್ತು ಎನ್ನುವುದಿಲ್ಲ. ಅವನು ನನ್ನ ಕಡೆ ನೋಡುವ ತನಕ ಕಾಯುತ್ತೇನೆ.

ಮೇ 10, ಶನಿವಾರ

ಹೊಸ ಕಪ್ಪು ಬಂತು. ನನ್ನ ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಕಿವಿ ಅಂಟಿಸಿರಲಿಲ್ಲ. ದಮಾರಿಸ್ ಮೊದಲು ಅದನ್ನು ಮೇಣದ ಮಾದರಿಯ ಪಕ್ಕದಲ್ಲಿಟ್ಟು ಕಾಗದದ ಪಟ್ಟಿಯಿಂದ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ರುಬಿಯೆಲ್‌ನ ಕೈ ಒಳಗೆ ಹೋಯಿತು. ಎಲ್ಲೂ ತಡೆಯಲಿಲ್ಲ. ಅವನು ಎತ್ತಿದ, ಕಪ್ಪು ಮಣಿಕಟ್ಟಿನವರೆಗೆ ಜಾರಿ ಪಕ್ಕಕ್ಕೆ ತಿರುಗಿ ನಿಂತಿತು. ದೊಡ್ಡವರ ಬಳೆಯನ್ನು ಮಗುವಿಗೆ ತೊಡಿಸಿದ ಹಾಗೆ. ಒಳ್ಳೆಯದಾಯಿತು, ಚಾಕಲೇಟು ಇನ್ನೂ ಹಾಕಿರಲಿಲ್ಲ.

ದಮಾರಿಸ್ ಮೇಣದ ಮಾದರಿಯನ್ನು ನೋಡಿದಳು, ಅಪ್ಪನ ಕೈಯನ್ನು ನೋಡಿದಳು, ಹೊರಗೆ ಹೋಗಿ ಅಂಗಳದಲ್ಲಿ ನಿಂತಳು.

"ಆ ಚಿಕ್ಕದನ್ನ ಕೊಡಮ್ಮ," ಎಂದ ರುಬಿಯೆಲ್.

"ಅದು ಒಡೆದುಹೋಯ್ತು," ಎಂದೆ.

"ಯಾವಾಗ?"

"ತೊಳೆಯೋವಾಗ. ಹೆರ್ಸಾಯಿನ್‌ನ ಸಾಮಾನು ಎಷ್ಟು ದಿನ ಬಾಳುತ್ತೆ."

ಅವನು ನನ್ನನ್ನೇ ನೋಡುತ್ತಿದ್ದ. ನಾನು ಒಲೆ ಒರೆಸಿದೆ. ಆಗಲೇ ಒರೆಸಿದ್ದ ಒಲೆಯನ್ನೇ.

ಆ ಕಪ್ಪು ಅವನ ಕೈಗೆ ಆಗದಿರಲಿ. ಮೇರಿಯಮ್ಮ, ಅದು ಎಂದೂ ಅವನ ಕೈಗೆ ಆಗದಿರಲಿ. ತೊಡಿಸಿ ನೋಡದಿದ್ದರೆ ಆಗುವುದಿಲ್ಲ ಎಂದೇ ಇರುತ್ತದೆ.

ಎರಡು.

ಮೇ 11, ಭಾನುವಾರ

ಇವತ್ತು ತಾಯಂದಿರ ದಿನ. ದಮಾರಿಸ್ ಕೇಕು ತಂದಿದ್ದಳು. ನನ್ನ ಕೆನ್ನೆಗೆ ಮುತ್ತಿಟ್ಟಳು, ಕೋಪ ಪೂರ್ತಿ ಹೋಗಿಲ್ಲ, ಒಂದೇ ಕೆನ್ನೆಗೆ.

ರುಬಿಯೆಲ್ ಕರೆದ. "ಅಮ್ಮಾ, ಇವತ್ತು ನಾನು ನಿಂಗೆ ಉಡುಗೊರೆ ಕೊಡ್ಬೇಕು. ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನೀನೇ ನಂಗೊಂದು ಕೊಟ್ಟುಬಿಡು."

"ಏನು?"

"ಜೋಳದ ಡಬ್ಬೀಲಿ ಇಟ್ಟಿದ್ದೀಯಲ್ಲ, ಅದು."

"ಯಾರು ಹೇಳಿದ್ರು ನಿಂಗೆ?"

"ನೀನು ಏನನ್ನ ಬಚ್ಚಿಟ್ರೂ ಅಲ್ಲೇ ಇಡೋದು. ಚಿಕ್ಕಂದಿನಿಂದ ಬೆಲ್ಲ ಕದ್ದಿದ್ದು ಅಲ್ಲಿಂದಲೇ."

ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತೆ. ಕಪ್ಪು ಬೆರಳಿಗೆ ಸಿಕ್ಕಿತು. ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹುಡುಕುತ್ತಿದ್ದೆ.

ತೊಳೆದೆ. ಚಾಕಲೇಟು ಕಡೆದು ಅರ್ಧ ಕಪ್ಪು ಹಾಕಿದೆ, ಬಿಸಿ ನೋಡಿದೆ, ಮೇಜಿನ ಮೇಲಿಟ್ಟೆ. ಅವನ ಕೈಯನ್ನು ಎತ್ತಿ ಕಿವಿಯ ಬಾಯಿಗೆ ತಂದಿಟ್ಟು ಬಿಟ್ಟೆ. ಮುಂದಿನದು ಅವನದು.

ಕೈ ಹೋಯಿತು. ತಳ್ಳಲಿಲ್ಲ, ಸೋಪು ಹಚ್ಚಲಿಲ್ಲ. ಅಂಗೈ ಮಾಂಸವಿದ್ದ ಜಾಗಕ್ಕೆ ಬಂದು, ಹೆಬ್ಬೆರಳ ಬುಡದ ಗುಳಿಯಲ್ಲಿ ಕಿವಿ ಕೂತುಕೊಂಡಿತು. ಅವನಿಗೆಂದೇ ಅಳೆದು ಮಾಡಿದ ಹಾಗೆ. ಬೆಂಕಿ ತನ್ನ ಬೆರಳನ್ನು ಅವನ ಕೈಯ ಕಡೆಯಿಂದಲೂ ತೆಗೆದುಕೊಂಡಿತ್ತು.

ದಮಾರಿಸ್ ನನ್ನ ತೋಳು ಹಿಡಿದುಕೊಂಡಳು. ಉಗುರು ನಾಟಿತು. ನಾನು ಬಿಡಿಸಿಕೊಳ್ಳಲಿಲ್ಲ.

ಅವನು ಮೊಣಕೈ ಊರಿದ. ಕಪ್ಪು ಎದ್ದಿತು. ತಲೆ ಬಾಗಿಸಿ ಒಂದು ಗುಟುಕು ಎಳೆದುಕೊಂಡ. ನುಂಗಿದ. ಉಸಿರು ತೆಗೆದುಕೊಂಡ. ಇನ್ನೊಂದು. ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನನ್ನ ಎರಡು ಕೈಗೂ ಕೆಲಸವಿರಲಿಲ್ಲ, ಎಲ್ಲಿಡಬೇಕೆಂದು ತಿಳಿಯದೆ ಅವುಗಳ ಮೇಲೇ ಕೂತುಕೊಂಡೆ.

ಕಪ್ಪು ಖಾಲಿ ಮಾಡಿ ಅವನು ತಲೆ ಎತ್ತಿದ. ಮೇಲ್ತುಟಿಯ ಮೇಲೆ ಚಾಕಲೇಟಿನ ಮೀಸೆ. ಗಲ್ಲದ ಮೇಲೂ ಒಂದು ಗೆರೆ ಇಳಿಯುತ್ತಿತ್ತು. ಏಪ್ರನ್ನಿನ ತುದಿ ಆಗಲೇ ನನ್ನ ಕೈಗೆ ಬಂದುಬಿಟ್ಟಿತ್ತು.

ಬಿಟ್ಟೆ. ಒರೆಸಲಿಲ್ಲ. ಗೆರೆ ಇಳಿದು ಇಸ್ತ್ರಿ ಅಂಗಿಯ ಕಾಲರಿಗೆ ತಾಗಿತು.

"ಹೇಗಿದೆ?" ಎಂದೆ.

"ಸಕ್ಕರೆ ಕಮ್ಮಿ," ಎಂದ.

"ಮುಂದಿನ ಸಲ ನೀನೇ ಹಾಕ್ಕೋ," ಎಂದೆ.

ನರ್ಸಿನ ಹಾಳೆಗೆ ನಕಲು ಮಾಡಿದ್ದಾಯಿತು. ಮೇ ಹನ್ನೊಂದು, ಮೂರು ಕಪ್ಪು. ಯಾರ ಕೈಯಿಂದ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಇಲ್ಲಿದೆ.

ನನ್ನ ಕೈಯಿಂದ ಎರಡು.

ಅವನ ಕೈಯಿಂದ ಒಂದು.